ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಎಳೆಯುವುದಾದರೆ ಅದು ಮುಂದೆ ಸಾಗುವುದು ಹೇಗೆ?

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ನ್ಯೂಟನ್‌ನ ಮೂರನೆಯ ನಿಯಮದ ಪ್ರಕಾರ ಎತ್ತುಗಳು ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತವೆಯೋ ಅಷ್ಟೇ ಬಲದಿಂದ ಗಾಡಿಯೂ ಎತ್ತುಗಳನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೆ ಎರಡೂ ರದ್ದಾಗಿ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲವೇ? ಶಿಕ್ಷಕರನ್ನು ಕೇಳಿದಾಗ, ಅವು ಬೇರೆ ಬೇರೆ ವಸ್ತುಗಳ ಮೇಲೆ ವರ್ತಿಸುವ ಬಲಗಳಾದ್ದರಿಂದ ರದ್ದಾಗುವುದಿಲ್ಲ ಎಂದರು. ಆದರೆ ಎತ್ತು, ಗಾಡಿ ಎರಡನ್ನೂ ಸೇರಿಸಿ ಒಂದೇ ವಸ್ತು ಎಂದುಕೊಂಡರೆ ರದ್ದಾಗಲೇಬೇಕಲ್ಲ? ಎತ್ತು ನೆಲವನ್ನು ಹಿಂದಕ್ಕೆ ತಳ್ಳುತ್ತದೆ ಎಂದೂ ಹೇಳುತ್ತಾರೆ. ಹಾಗಾದರೆ ನೆಲ ಏಕೆ ಹಿಂದಕ್ಕೆ ಸರಿಯುವುದಿಲ್ಲ?

ಉತ್ತರ: ನಿಮ್ಮ ಶಿಕ್ಷಕರು ಹೇಳಿದ್ದು ಸರಿ, ಅದಕ್ಕೆ ನೀವು ಎತ್ತಿದ ಆಕ್ಷೇಪವೂ ಸರಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಉತ್ತರ ಪೂರ್ಣವಾಗುತ್ತದೆ. ತರಗತಿಗಳಲ್ಲಿ ಸಾಮಾನ್ಯವಾಗಿ ಮೊದಲ ಅರ್ಧವನ್ನಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗುವುದರಿಂದ, ನಿಂತು ಯೋಚಿಸುವ ಮಕ್ಕಳೇ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಈ ಸಮಸ್ಯೆ ನಿಯಮದಷ್ಟೇ ಹಳೆಯದು. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಮೂರನೆಯ ನಿಯಮವನ್ನು ಹೇಳಿದ ಕೂಡಲೇ ನ್ಯೂಟನ್ ಕೊಡುವ ಉದಾಹರಣೆಗಳಲ್ಲಿ ಒಂದು, ಹಗ್ಗ ಕಟ್ಟಿದ ಕಲ್ಲನ್ನು ಎಳೆಯುವ ಕುದುರೆಯದು. ಕುದುರೆ ಕಲ್ಲನ್ನು ಎಳೆಯುವಷ್ಟೇ ಬಲದಿಂದ ಕುದುರೆಯೂ ಕಲ್ಲಿನ ಕಡೆಗೆ ಎಳೆಯಲ್ಪಡುತ್ತದೆ, ಬಿಗಿದ ಹಗ್ಗವು ಒಂದರ ಮುನ್ನಡೆಗೆ ಎಷ್ಟು ನೆರವಾಗುತ್ತದೆಯೋ ಇನ್ನೊಂದರ ಮುನ್ನಡೆಗೆ ಅಷ್ಟೇ ಅಡ್ಡಿಯಾಗುತ್ತದೆ ಎಂಬುದು ಅಲ್ಲಿನ ಮಾತು. ಕುದುರೆಯ ಬದಲು ಎತ್ತು, ಕಲ್ಲಿನ ಬದಲು ಗಾಡಿ ಎಂದುಕೊಂಡರೆ ನಿಮ್ಮ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ನಿಯಮವನ್ನು ಸ್ವಲ್ಪ ವಿಸ್ತರಿಸಿ ಬರೆದುಕೊಳ್ಳೋಣ. ‘ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ’ ಎಂಬ ವಾಕ್ಯ ಎಲ್ಲರಿಗೂ ಬಾಯಿಪಾಠ. ಆದರೆ ಆ ವಾಕ್ಯದಲ್ಲಿ ವಸ್ತುಗಳ ಹೆಸರೇ ಇಲ್ಲ, ನನ್ನ ಅಭಿಪ್ರಾಯದಲ್ಲಿ ತೊಂದರೆಯ ಮೂಲ ಅದೇ. ಬಲವೆಂಬುದು ಯಾವಾಗಲೂ ಒಂದು ವಸ್ತು ಇನ್ನೊಂದು ವಸ್ತುವಿನ ಮೇಲೆ ಪ್ರಯೋಗಿಸುವಂಥದ್ದು, ಒಂಟಿಯಾಗಿ ಗಾಳಿಯಲ್ಲಿ ತೇಲುವ ಬಲ ಇಲ್ಲ. ಆದ್ದರಿಂದ ನಿಯಮವನ್ನು ಹೀಗೆ ಹೇಳುವುದು ವಾಸಿ: ‘ಕ’ ಎಂಬ ವಸ್ತುವು ‘ಖ’ ಎಂಬ ವಸ್ತುವಿನ ಮೇಲೆ ಒಂದು ಬಲವನ್ನು ಪ್ರಯೋಗಿಸುತ್ತಿದ್ದರೆ, ಅದೇ ಕ್ಷಣದಲ್ಲಿ ‘ಖ’ವು ‘ಕ’ದ ಮೇಲೆ ಅದೇ ಪರಿಮಾಣದ, ವಿರುದ್ಧ ದಿಕ್ಕಿನ ಬಲವನ್ನು ಪ್ರಯೋಗಿಸುತ್ತಿರುತ್ತದೆ. ಎರಡರಲ್ಲಿ ಯಾವುದೂ ಮೊದಲು ಬರುವುದಿಲ್ಲ, ಯಾವುದೂ ಇನ್ನೊಂದಕ್ಕೆ ಉತ್ತರವಾಗಿ ಹುಟ್ಟುವುದಿಲ್ಲ. ಎರಡೂ ಒಟ್ಟಿಗೆ ಹುಟ್ಟಿ ಒಟ್ಟಿಗೇ ಇಲ್ಲವಾಗುತ್ತವೆ.

ಇನ್ನು ಒಂದು ವಸ್ತು ಚಲಿಸುತ್ತದೆಯೋ ಇಲ್ಲವೋ, ಅದರ ವೇಗ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಎರಡನೆಯ ನಿಯಮದ ಕೆಲಸ. ಆ ನಿಯಮ ಕೇಳುವುದು ಒಂದೇ ಪ್ರಶ್ನೆ: ಈ ವಸ್ತುವಿನ ಮೇಲೆ ಹೊರಗಿನಿಂದ ವರ್ತಿಸುತ್ತಿರುವ ಎಲ್ಲ ಬಲಗಳ ಒಟ್ಟು ಫಲಿತ ಎಷ್ಟು? ಆ ವಸ್ತು ಬೇರೆಯವುಗಳ ಮೇಲೆ ಎಷ್ಟು ಬಲ ಪ್ರಯೋಗಿಸುತ್ತಿದೆ ಎಂಬುದು ಅದರ ಚಲನೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಬಲಗಳ ಬಗ್ಗೆ ಮಾತನಾಡುವ ಮೊದಲು ಒಂದು ವಸ್ತುವನ್ನು ಆರಿಸಿಕೊಂಡು, ಅದರ ಸುತ್ತ ಮನಸ್ಸಿನಲ್ಲೇ ಒಂದು ಗೆರೆ ಎಳೆದು, ಆ ಗೆರೆಯ ಹೊರಗಿನಿಂದ ಒಳಕ್ಕೆ ಬರುವ ಬಲಗಳನ್ನಷ್ಟೇ ಪಟ್ಟಿ ಮಾಡಬೇಕು. ನಿಮ್ಮ ಇಡೀ ಸಮಸ್ಯೆಯನ್ನು ಈ ಒಂದು ಅಭ್ಯಾಸದಿಂದ ಬಿಡಿಸಬಹುದು. ಅಂಕಿಗಳನ್ನು ಇಟ್ಟುಕೊಂಡೇ ಮಾಡಿ ನೋಡೋಣ.

ಹೇರು ತುಂಬಿದ ಗಾಡಿಯ ದ್ರವ್ಯರಾಶಿ 600 ಕಿ.ಗ್ರಾಂ. ಎಂದಿರಲಿ, ನೊಗ ಮತ್ತು ಮೂಕಿ ಗಾಡಿಯ ಭಾಗವೇ ಎಂದುಕೊಳ್ಳೋಣ. ಎರಡು ಎತ್ತುಗಳ ಒಟ್ಟು ದ್ರವ್ಯರಾಶಿ 800 ಕಿ.ಗ್ರಾಂ. ಮಣ್ಣಿನ ರಸ್ತೆಯಲ್ಲಿ ಗಾಲಿಗಳು ಉರುಳುವಾಗ ನೆಲವು ಗಾಡಿಯ ಮೇಲೆ ಹಿಂದಿನ ದಿಕ್ಕಿಗೆ ಒಡ್ಡುವ ತಡೆ 300 ನ್ಯೂಟನ್. ನಿಂತಿದ್ದ ಗಾಡಿ ಹೊರಟು, 5 ಸೆಕೆಂಡುಗಳಲ್ಲಿ ಸೆಕೆಂಡಿಗೆ 1 ಮೀಟರ್ ವೇಗವನ್ನು, ಅಂದರೆ ಸಾಧಾರಣ ನಡಿಗೆಯ ವೇಗವನ್ನು ಪಡೆಯಿತೆನ್ನಿ. ಆಗ ವೇಗೋತ್ಕರ್ಷ 0.2 ಮೀ/ಸೆ² ಆಗುತ್ತದೆ.

ಗಾಡಿಯೊಂದನ್ನೇ ಆರಿಸಿಕೊಳ್ಳಿ. ಅಡ್ಡ ದಿಕ್ಕಿನಲ್ಲಿ ಅದರ ಮೇಲಿರುವುದು ಎರಡೇ ಬಲಗಳು: ನೊಗದ ಮೂಲಕ ಎತ್ತುಗಳು ಮುಂದಕ್ಕೆ ಎಳೆಯುವ ಬಲ, ಗಾಲಿಯ ಬುಡದಲ್ಲಿ ನೆಲ ಹಿಂದಕ್ಕೆ ಒಡ್ಡುವ 300 ನ್ಯೂಟನ್ ತಡೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವಾದ್ದರಿಂದ, 600 ಕಿ.ಗ್ರಾಂ. ಗಾಡಿಗೆ 0.2 ಮೀ/ಸೆ² ವೇಗೋತ್ಕರ್ಷ ಸಿಗಲು 120 ನ್ಯೂಟನ್ ಫಲಿತ ಬಲ ಉಳಿಯಬೇಕು. ಅಂದರೆ ಎತ್ತುಗಳ ಎಳೆತ 420 ನ್ಯೂಟನ್ ಇರಬೇಕು. ಗಾಡಿಯ ಲೆಕ್ಕ ಇಲ್ಲಿಗೆ ಮುಗಿಯಿತು. ಗಾಡಿಯು ಎತ್ತುಗಳನ್ನು ಹಿಂದಕ್ಕೆ ಎಳೆಯುವ ಬಲ ಈ ಪಟ್ಟಿಯಲ್ಲಿ ಎಲ್ಲೂ ಕಾಣಿಸಲಿಲ್ಲ ಎಂಬುದನ್ನು ಗಮನಿಸಿ. ಅದು ಗಾಡಿಯ ಮೇಲಿನ ಬಲವಲ್ಲ, ಹಾಗಾಗಿ ಗಾಡಿಯನ್ನು ತಡೆಯಲು ಅದಕ್ಕೆ ಸಾಧ್ಯವೇ ಇಲ್ಲ.

ಈಗ ಎತ್ತುಗಳನ್ನು ಆರಿಸಿಕೊಳ್ಳಿ. ಆ ಬಲ ಇಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ನೊಗವು ಎತ್ತುಗಳ ಹೆಗಲನ್ನು ಹಿಂದಕ್ಕೆ ಒತ್ತುವ ಬಲ 420 ನ್ಯೂಟನ್, ಎಳೆತಕ್ಕೆ ಸರಿಯಾಗಿ ಸಮ. ಹಾಗಿದ್ದೂ 800 ಕಿ.ಗ್ರಾಂ. ತೂಗುವ ಎತ್ತುಗಳು 0.2 ಮೀ/ಸೆ² ವೇಗೋತ್ಕರ್ಷದಿಂದ ಮುಂದೆ ಹೋಗುತ್ತಿವೆ ಎಂದರೆ ಅವುಗಳ ಮೇಲೆ ಮುಂದಿನ ದಿಕ್ಕಿಗೆ 160 ನ್ಯೂಟನ್ ಫಲಿತ ಬಲ ಇರಲೇಬೇಕು. ಹಾಗಾದರೆ ಯಾವುದೋ ಒಂದು ವಸ್ತು ಎತ್ತುಗಳನ್ನು 580 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳುತ್ತಿರಬೇಕು. ಎತ್ತುಗಳನ್ನು ನೊಗವಲ್ಲದೆ ಮುಟ್ಟಿಕೊಂಡಿರುವ ವಸ್ತು ನೆಲವೊಂದೇ. ಎತ್ತು ಗೊರಸನ್ನು ಊರಿ ನೆಲವನ್ನು 580 ನ್ಯೂಟನ್ ಬಲದಿಂದ ಹಿಂದಕ್ಕೆ ಒತ್ತುತ್ತದೆ, ನೆಲವು ಎತ್ತನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಎತ್ತಿನ ಸ್ನಾಯುಗಳ ಶಕ್ತಿಯಿಂದಲೇ ಇದೆಲ್ಲ ನಡೆಯುವುದು ನಿಜ. ಆದರೆ ಎತ್ತಿನ ಮೇಲೆ ಹೊರಗಿನಿಂದ ಮುಂದಕ್ಕೆ ಬೀಳುವ ಬಲ ಬರುವುದು ನೆಲದಿಂದ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ಎಳೆತ ಮತ್ತು ಮರು ಎಳೆತ ಸಮವಾಗಿದ್ದರೆ ಗಾಡಿ ಹೊರಡುವುದಿಲ್ಲ, ಹೊರಡಬೇಕಾದರೆ ಎತ್ತಿನ ಎಳೆತ ಸ್ವಲ್ಪವಾದರೂ ಹೆಚ್ಚಿರಬೇಕು’ ಎಂಬ ನಂಬಿಕೆ ಪದವಿ ಓದಿದವರಲ್ಲೂ ಇರುತ್ತದೆ. ಮೇಲಿನ ಲೆಕ್ಕದಲ್ಲಿ ಗಾಡಿ ಹೊರಡುವಾಗ ಎರಡೂ 420. ಗಾಡಿ ನಡಿಗೆಯ ವೇಗಕ್ಕೆ ಬಂದು ಒಂದೇ ಸಮನೆ ಸಾಗುವಾಗ ವೇಗೋತ್ಕರ್ಷ ಸೊನ್ನೆಯಾಗುತ್ತದೆ, ಎಳೆತ ತಡೆಗೆ ಸಮವಾಗಿ 300ಕ್ಕೆ ಇಳಿಯುತ್ತದೆ, ಮರು ಎಳೆತವೂ 300ಕ್ಕೇ ಇಳಿಯುತ್ತದೆ. ಎತ್ತುಗಳು ಎಳೆದರೂ ಗಾಡಿ ಕದಲದೆ ನಿಂತಿದ್ದರೆ ಆಗಲೂ ಎರಡೂ ಸಮ. ಇಳಿಜಾರಿನಲ್ಲಿ ಗಾಡಿ ಎತ್ತುಗಳ ಮೇಲೆ ಏರಿ ಬರುವಾಗ ಅವು ಮುಂಗಾಲುಗಳನ್ನು ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ ಗಾಡಿಯನ್ನು ತಡೆಯುತ್ತವೆ. ಆಗ ಬಲಗಳ ದಿಕ್ಕು ಅದಲುಬದಲಾಗುತ್ತದೆಯೇ ಹೊರತು ಸಮತ್ವ ಕೆಡುವುದಿಲ್ಲ. ಹೊರಡುವುದು, ಸಾಗುವುದು, ನಿಲ್ಲುವುದು ಎಲ್ಲದರಲ್ಲೂ ಈ ಜೋಡಿ ಸಮವಾಗಿಯೇ ಇರುವುದರಿಂದ, ಗಾಡಿ ಹೊರಡುತ್ತದೆಯೇ ಎಂಬ ಪ್ರಶ್ನೆಗೆ ಈ ಜೋಡಿಯನ್ನು ಹೋಲಿಸಿ ಉತ್ತರ ಪಡೆಯಲಾಗದು. ಹೋಲಿಸಬೇಕಾದದ್ದು ಗಾಡಿಯ ಮೇಲಿನ ಎರಡು ಬಲಗಳನ್ನು, ಅಂದರೆ ಎಳೆತವನ್ನು ಮತ್ತು ನೆಲದ ತಡೆಯನ್ನು. ಈ ಎರಡರ ನಡುವೆ ಸಮವಾಗಿರಬೇಕೆಂಬ ಯಾವ ನಿಯಮವೂ ಇಲ್ಲ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು, ಏಕೆಂದರೆ ಅದು ‘ಬೇರೆ ಬೇರೆ ವಸ್ತುಗಳ ಮೇಲಿವೆ’ ಎಂಬ ಉತ್ತರವನ್ನು ಅದರ ಮಿತಿಯವರೆಗೂ ಒಯ್ದು ಪರೀಕ್ಷಿಸುತ್ತದೆ. ಗೆರೆಯನ್ನು ಎತ್ತು ಮತ್ತು ಗಾಡಿ ಎರಡನ್ನೂ ಒಳಗೊಳ್ಳುವಂತೆ ಎಳೆದರೆ ನೊಗದ ಬಳಿ ಇರುವ ಎರಡೂ ಬಲಗಳು ಗೆರೆಯ ಒಳಗೇ ಬೀಳುತ್ತವೆ. ಆಗ ಅವು ಒಂದನ್ನೊಂದು ಪೂರ್ಣವಾಗಿ ರದ್ದುಗೊಳಿಸುತ್ತವೆ. ನಿಮ್ಮ ಮಾತು ನೂರಕ್ಕೆ ನೂರು ಸರಿ. ಇದರ ಅರ್ಥ, ನೊಗದ ಬಳಿ ಎಷ್ಟೇ ಜೋರಾಗಿ ಎಳೆದರೂ ಎತ್ತು-ಗಾಡಿಗಳ ಇಡೀ ಜೋಡಿಯನ್ನು ಆ ಎಳೆತ ಒಂದು ಕೂದಲೆಳೆಯಷ್ಟೂ ಮುಂದೊಯ್ಯಲಾರದು. ಇಡೀ ಜೋಡಿಗೆ ಹೊರಗಿನ ವಸ್ತು ನೆಲ. ಅದು ಗೊರಸುಗಳನ್ನು 580 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳುತ್ತಿದೆ, ಗಾಲಿಗಳನ್ನು 300 ನ್ಯೂಟನ್ ಬಲದಿಂದ ಹಿಂದಕ್ಕೆ ತಡೆಯುತ್ತಿದೆ. ಉಳಿದದ್ದು 280. ಒಟ್ಟು ದ್ರವ್ಯರಾಶಿ 1400 ಕಿ.ಗ್ರಾಂ., ಅದನ್ನು 0.2ರಿಂದ ಗುಣಿಸಿದರೆ ಬರುವುದೂ 280. ಬಿಡಿಯಾಗಿ ನೋಡಿದರೂ ಇಡಿಯಾಗಿ ನೋಡಿದರೂ ಉತ್ತರ ಒಂದೇ ಬರುತ್ತದೆ.

ಕೆಟ್ಟು ನಿಂತ ಬಸ್ಸಿನಲ್ಲಿ ಕುಳಿತ ಪ್ರಯಾಣಿಕರು ತಮ್ಮ ಮುಂದಿನ ಸೀಟುಗಳನ್ನು ಎಷ್ಟೇ ಬಲವಾಗಿ ತಳ್ಳಿದರೂ ಬಸ್ಸು ಮುಂದೆ ಹೋಗುವುದಿಲ್ಲ. ಕೈಗಳು ಸೀಟನ್ನು ಮುಂದಕ್ಕೆ ತಳ್ಳುವಷ್ಟೇ ಬಲದಿಂದ ಬೆನ್ನು ಮತ್ತು ಪಾದಗಳು ಬಸ್ಸನ್ನು ಹಿಂದಕ್ಕೆ ಒತ್ತುತ್ತಿರುತ್ತವೆ. ಅದೇ ನಾಲ್ಕು ಜನ ಕೆಳಗಿಳಿದು, ಕಾಲನ್ನು ರಸ್ತೆಗೆ ಊರಿ ಹಿಂದಿನಿಂದ ತಳ್ಳಿದರೆ ಬಸ್ಸು ಕದಲುತ್ತದೆ. ಸ್ನಾಯುಗಳು ಅವೇ, ಶ್ರಮವೂ ಅಷ್ಟೇ. ಬದಲಾದದ್ದು ಪಾದಗಳು ಊರಿದ ಜಾಗ.

ನೊಗದ ಬಳಿಯ ಆ ಎರಡು ಬಲಗಳು ಸಮವಾಗಿಯೇ ಇರಬೇಕೆಂದು ಏಕೆ ನಂಬಬೇಕು ಎಂದು ನೀವು ಕೇಳಬಹುದು. ನ್ಯೂಟನ್ ಇದಕ್ಕೆ ಒಂದು ಸುಂದರವಾದ ಪ್ರಯೋಗದ ವರದಿಯನ್ನೇ ಕೊಟ್ಟಿದ್ದಾರೆ. ಒಂದು ಅಯಸ್ಕಾಂತದ ಕಲ್ಲನ್ನೂ ಒಂದು ಕಬ್ಬಿಣದ ತುಂಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಇರಿಸಿ, ಆ ಪಾತ್ರೆಗಳನ್ನು ನಿಶ್ಚಲವಾದ ನೀರಿನ ಮೇಲೆ ಒಂದಕ್ಕೊಂದು ತಾಗುವಂತೆ ತೇಲಿಬಿಟ್ಟರು. ಅಯಸ್ಕಾಂತವು ಕಬ್ಬಿಣವನ್ನು ಎಳೆಯುವ ಬಲ, ಕಬ್ಬಿಣವು ಅಯಸ್ಕಾಂತವನ್ನು ಎಳೆಯುವ ಬಲಕ್ಕಿಂತ ಒಂದಿಷ್ಟು ಹೆಚ್ಚಾಗಿದ್ದಿದ್ದರೂ, ತಾಗಿಕೊಂಡಿದ್ದ ಎರಡು ಪಾತ್ರೆಗಳು ಯಾರೂ ತಳ್ಳದೆ ಒಂದೇ ದಿಕ್ಕಿಗೆ ತಾವಾಗಿಯೇ ಹೊರಟುಬಿಡಬೇಕಾಗಿತ್ತು. ಅವು ಹೊರಡಲಿಲ್ಲ, ಇದ್ದಲ್ಲೇ ನಿಂತವು. ಇದಲ್ಲದೆ ಉಕ್ಕು, ಗಾಜು, ಬಿರಟೆ, ಉಣ್ಣೆಯ ಚೆಂಡುಗಳನ್ನು ಲೋಲಕಗಳಂತೆ ತೂಗುಬಿಟ್ಟು ಡಿಕ್ಕಿ ಹೊಡೆಸಿ, ಗಾಳಿಯ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಡಿಕ್ಕಿಯಲ್ಲಿ ಒಂದು ಚೆಂಡು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯುತ್ತದೆ ಎಂಬುದನ್ನು ಅಳೆದು ನೋಡಿದರು. ಮೂರನೆಯ ನಿಯಮ ಹೀಗೆ ಕೈಯಾರೆ ಪರೀಕ್ಷಿಸಿದ ನಿಯಮ. ಶಾಲೆಯಲ್ಲಿ ಅದನ್ನು ಒಂದು ಗಾದೆಯಂತೆ ಕಲಿಸಿಬಿಡುವುದು ನನಗೆ ಬೇಸರ ತರಿಸುವ ಸಂಗತಿ.

ಸಂವೇಗದ ಮಾತು ಬಂದದ್ದರಿಂದ ಇನ್ನೊಂದು ರೀತಿಯಲ್ಲೂ ವಿಷಯವನ್ನು ನೋಡಬಹುದು. ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸಂವೇಗ, ಬಲವೆಂದರೆ ಪ್ರತಿ ಸೆಕೆಂಡಿಗೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗುವ ಸಂವೇಗ. ನಾನು ನಿಮಗೆ 100 ರೂಪಾಯಿ ಕೊಟ್ಟರೆ ನನ್ನ ಲೆಕ್ಕದಲ್ಲಿ 100 ಕಡಿಮೆಯಾಗುತ್ತದೆ, ನಿಮ್ಮ ಲೆಕ್ಕದಲ್ಲಿ 100 ಹೆಚ್ಚುತ್ತದೆ. ಇಬ್ಬರದನ್ನೂ ಕೂಡಿದರೆ ಬದಲಾವಣೆ ಸೊನ್ನೆ, ಆದರೆ ಅದರಿಂದ ನಿಮ್ಮ ಕೈಗೆ ಹಣ ಬಂದೇ ಇಲ್ಲ ಎಂದಾಗುವುದಿಲ್ಲ. ಎತ್ತು ಗಾಡಿಗೆ ಸಂವೇಗವನ್ನು ಕೊಡುತ್ತದೆ, ಕೊಟ್ಟಷ್ಟು ತಾನು ಕಳೆದುಕೊಳ್ಳುತ್ತದೆ, ಕಳೆದುಕೊಂಡದ್ದನ್ನು ನೆಲದಿಂದ ತುಂಬಿಕೊಳ್ಳುತ್ತದೆ.

ನೆಲದ ಪಾತ್ರವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಇಲ್ಲಿ ಇನ್ನೊಂದು ಅರೆಸತ್ಯ ಅಡ್ಡ ಬರುತ್ತದೆ. ‘ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧವಾಗಿ ವರ್ತಿಸುತ್ತದೆ’ ಎಂದು ಬರೆದುಕೊಂಡಿರುವ ವಿದ್ಯಾರ್ಥಿಗೆ, ಎತ್ತನ್ನು ಮುಂದಕ್ಕೆ ತಳ್ಳುತ್ತಿರುವುದು ಗೊರಸಿನಡಿಯ ಘರ್ಷಣೆಯೇ ಎಂದು ಹೇಳಿದರೆ ಒಪ್ಪಲು ಕಷ್ಟವಾಗುತ್ತದೆ. ಘರ್ಷಣೆ ವಿರೋಧಿಸುವುದು ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು. ಎತ್ತು ಕಾಲನ್ನು ಹಿಂದಕ್ಕೆ ಒತ್ತಿದಾಗ, ಘರ್ಷಣೆ ಇಲ್ಲದಿದ್ದರೆ ಗೊರಸು ಹಿಂದಕ್ಕೆ ಜಾರಿಹೋಗುತ್ತಿತ್ತು. ಆ ಜಾರುವಿಕೆಯನ್ನು ತಡೆಯುವ ಘರ್ಷಣೆಯ ದಿಕ್ಕು ಸಹಜವಾಗಿಯೇ ಮುಂದಕ್ಕೆ. ನೀವು ನಡೆಯುವಾಗಲೂ ಆಗುವುದು ಇದೇ. ಸೈಕಲ್ಲಿನಲ್ಲಿ ಎರಡೂ ಬಗೆಯನ್ನು ಒಟ್ಟಿಗೆ ಕಾಣಬಹುದು: ಪೆಡಲ್ ತುಳಿದು ವೇಗ ಹೆಚ್ಚಿಸುವಾಗ ಚೈನು ತಿರುಗಿಸುವ ಹಿಂದಿನ ಚಕ್ರದ ಮೇಲೆ ನೆಲದ ಘರ್ಷಣೆ ಮುಂದಕ್ಕೆ ಇರುತ್ತದೆ, ಸುಮ್ಮನೆ ಉರುಳುವ ಮುಂದಿನ ಚಕ್ರದ ಮೇಲೆ ಹಿಂದಕ್ಕೆ ಇರುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡ ಬೈಕಿನ ಹಿಂದಿನ ಚಕ್ರ ಗಿರ್ರನೆ ತಿರುಗಿದಾಗ ಕೆಸರು ಹಿಂದಕ್ಕೆ ಎರಚುವುದನ್ನು ನೀವು ನೋಡಿರುತ್ತೀರಿ. ಚಕ್ರವು ನೆಲವನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಜಾರದೆ ಊರಿರುವ ಗೊರಸಿಗೆ ನೆಲ ಕೊಡುವ ಘರ್ಷಣೆ, ಕೇಳಿದಷ್ಟೇ ಕೊಡುವ ಸ್ವಭಾವದ್ದು. ಎತ್ತು 300 ನ್ಯೂಟನ್ ಬಲದಿಂದ ಒತ್ತಿದರೆ 300, 580ರಿಂದ ಒತ್ತಿದರೆ 580. ಆದರೆ ಅದಕ್ಕೊಂದು ಗರಿಷ್ಠ ಮಿತಿ ಇದೆ, ಆ ಮಿತಿ ಎತ್ತಿನ ತೂಕವನ್ನೂ ನೆಲದ ಗುಣವನ್ನೂ ಅವಲಂಬಿಸಿದೆ. ಕೆಸರಿನಲ್ಲಿ ಕಷ್ಟ ಎರಡು ಕಡೆಯಿಂದ ಬರುತ್ತದೆ. ಗಾಲಿ ಹೂತುಕೊಂಡು ತಡೆ ಹೆಚ್ಚುತ್ತದೆ, ಗೊರಸು ಜಾರಿ ಘರ್ಷಣೆಯ ಮಿತಿ ಇಳಿಯುತ್ತದೆ. ಗಾಡಿಯನ್ನು ಕದಲಿಸಲು ಮೀರಬೇಕಾದ ತಡೆ 2000 ನ್ಯೂಟನ್‌ಗೆ ಏರಿ, ಗೊರಸಿನಡಿ ನೆಲ ಕೊಡಬಲ್ಲದ್ದು 1600 ನ್ಯೂಟನ್ ಮಾತ್ರ ಎಂದುಕೊಳ್ಳಿ. ಎತ್ತು ಎಷ್ಟೇ ಬಲಿಷ್ಠವಾಗಿರಲಿ, ಗಾಡಿ ಕದಲುವುದಿಲ್ಲ. ನೊಗದ ಬಳಿ ಎಳೆತವೂ 1600, ಮರು ಎಳೆತವೂ 1600, ಗಾಲಿಯ ಬಳಿ ತಡೆಯೂ ಅಷ್ಟಕ್ಕೇ ಸರಿಯಾಗಿ 1600. ಇಂಥ ಹೊತ್ತಿನಲ್ಲಿ ಗಾಡಿಯಲ್ಲಿ ಕುಳಿತವರು ಕೆಳಗಿಳಿದು ಗಾಲಿಗೆ ಹೆಗಲು ಕೊಡುತ್ತಾರೆ. ಇಬ್ಬರು ತಲಾ 250 ನ್ಯೂಟನ್ ಬಲ ಹಾಕಿದರೆ ಮುಂದಿನ ದಿಕ್ಕಿನ ಬಲ 2100 ಆಗಿ ಗಾಡಿ ಹೊರಡುತ್ತದೆ. ಅವರು ಇಳಿದದ್ದರಿಂದ ಹೇರು ಕಡಿಮೆಯಾದದ್ದೂ ಲಾಭವೇ. ಗೊರಸಿನಡಿ ಕಲ್ಲುಚೂರು ಅಥವಾ ಸೊಪ್ಪು ಹಾಸಿದರೆ ಘರ್ಷಣೆಯ ಮಿತಿಯೇ ಏರುತ್ತದೆ. ಅಚ್ಚಿಗೆ ಕೀಲೆಣ್ಣೆ ಹಾಕುವುದರ ಉದ್ದೇಶ ಮಾತ್ರ ಇದಕ್ಕೆ ತದ್ವಿರುದ್ಧ, ಅಲ್ಲಿ ಬೇಕಾದದ್ದು ಘರ್ಷಣೆಯನ್ನು ತಗ್ಗಿಸುವುದು. ಒಂದೇ ಗಾಡಿಯಲ್ಲಿ ಒಂದು ಕಡೆ ಘರ್ಷಣೆ ಬೇಕು, ಇನ್ನೊಂದು ಕಡೆ ಬೇಡ.

ಹಗ್ಗಜಗ್ಗಾಟವೂ ಇದೇ ಲೆಕ್ಕದ್ದು. ಹಗ್ಗದ ದ್ರವ್ಯರಾಶಿ ತೀರಾ ಕಡಿಮೆಯಾದ್ದರಿಂದ ಎರಡು ತಂಡಗಳೂ ಹಗ್ಗದ ಮೂಲಕ ಒಂದನ್ನೊಂದು ಎಳೆಯುವ ಬಲ ಬಹುಮಟ್ಟಿಗೆ ಸಮವೇ. ಸೋಲುವ ತಂಡವೂ ಗೆಲ್ಲುವ ತಂಡದಷ್ಟೇ ಬಲದಿಂದ ಎಳೆದಿರುತ್ತದೆ. ಯಾರ ಪಾದಗಳು ನೆಲದಿಂದ ಹೆಚ್ಚು ಬಲವನ್ನು ಪಡೆಯುತ್ತವೆಯೋ ಅವರು ಗೆಲ್ಲುತ್ತಾರೆ. ಅನುಭವಿ ಆಟಗಾರರು ಹಿಮ್ಮಡಿಯನ್ನು ಮಣ್ಣಿನಲ್ಲಿ ಹೂತು, ಮೈಯನ್ನು ಹಿಂದಕ್ಕೆ ಚಾಚುವುದು ಇದಕ್ಕಾಗಿ.

ಈಗ ಪರೀಕ್ಷೆಯಲ್ಲಿ ಅಂಕ ಕಳೆಯುವ ಒಂದು ತಪ್ಪಿನ ಕಡೆಗೆ ಬರುತ್ತೇನೆ, ಏಕೆಂದರೆ ಅದು ನಿಮ್ಮ ಪ್ರಶ್ನೆಯ ಇನ್ನೊಂದು ಮುಖ. ಮೇಜಿನ ಮೇಲಿಟ್ಟ ಪುಸ್ತಕದ ತೂಕ ಕೆಳಕ್ಕೆ, ಮೇಜು ಅದನ್ನು ಒತ್ತುವ ಬಲ ಮೇಲಕ್ಕೆ, ಎರಡೂ ಸಮ. ‘ಇದು ಕ್ರಿಯೆ-ಪ್ರತಿಕ್ರಿಯೆಗೆ ಉದಾಹರಣೆ’ ಎಂದು ಬಹಳ ಮಂದಿ ಬರೆಯುತ್ತಾರೆ. ಇದು ತಪ್ಪು. ಎರಡು ಬಲಗಳೂ ಒಂದೇ ವಸ್ತುವಿನ ಮೇಲೆ, ಅಂದರೆ ಪುಸ್ತಕದ ಮೇಲೆ ವರ್ತಿಸುತ್ತಿವೆ. ಆದ್ದರಿಂದಲೇ ಅವು ರದ್ದಾಗಿ ಪುಸ್ತಕ ನಿಶ್ಚಲವಾಗಿದೆ. ಅವು ಸಂತುಲಿತ ಬಲಗಳು. ಭೂಮಿಯು ಪುಸ್ತಕವನ್ನು ಕೆಳಕ್ಕೆ ಎಳೆಯುವ ಬಲದ ನಿಜವಾದ ಜೋಡಿ, ಪುಸ್ತಕವು ಭೂಮಿಯನ್ನು ಮೇಲಕ್ಕೆ ಎಳೆಯುವ ಬಲ. ಮೇಜು ಪುಸ್ತಕವನ್ನು ಮೇಲಕ್ಕೆ ಒತ್ತುವ ಬಲದ ಜೋಡಿ, ಪುಸ್ತಕವು ಮೇಜನ್ನು ಕೆಳಕ್ಕೆ ಒತ್ತುವ ಬಲ. ಬೇಕಿದ್ದರೆ ಲಿಫ್ಟಿನಲ್ಲಿ ಪರೀಕ್ಷಿಸಿ ನೋಡಿ. ಗುರುತ್ವದ ವೇಗೋತ್ಕರ್ಷವನ್ನು 10 ಮೀ/ಸೆ² ಎಂದಿಟ್ಟುಕೊಂಡರೆ, 50 ಕಿ.ಗ್ರಾಂ. ದ್ರವ್ಯರಾಶಿಯ ವಿದ್ಯಾರ್ಥಿಯ ತೂಕ 500 ನ್ಯೂಟನ್. ಲಿಫ್ಟು 1 ಮೀ/ಸೆ² ವೇಗೋತ್ಕರ್ಷದಿಂದ ಮೇಲಕ್ಕೆ ಹೊರಡುವ ಕ್ಷಣದಲ್ಲಿ ಅದರ ತಳ ವಿದ್ಯಾರ್ಥಿಯನ್ನು 550 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ, ತೂಕ ಮಾತ್ರ 500 ಆಗಿಯೇ ಇರುತ್ತದೆ. ಈ ಎರಡು ಮೂರನೆಯ ನಿಯಮದ ಜೋಡಿಯಾಗಿದ್ದರೆ ಹೀಗೆ ಬೇರೆಯಾಗಲು ಸಾಧ್ಯವೇ ಇರಲಿಲ್ಲ. ವಿದ್ಯಾರ್ಥಿಯ ಪಾದಗಳು ಲಿಫ್ಟಿನ ತಳವನ್ನು ಕೆಳಕ್ಕೆ ಒತ್ತುವ ಬಲವನ್ನು ಅಳೆದರೆ ಅದು ತಪ್ಪದೆ 550 ಇರುತ್ತದೆ. ಮೂರನೆಯ ನಿಯಮದ ಜೋಡಿಯನ್ನು ಗುರುತಿಸಲು, ಬಲವನ್ನು ವಿವರಿಸುವ ವಾಕ್ಯದಲ್ಲಿ ಎರಡು ವಸ್ತುಗಳ ಹೆಸರನ್ನು ಅದಲುಬದಲು ಮಾಡಿದರೆ ಸಾಕು. ‘ಭೂಮಿ ಪುಸ್ತಕವನ್ನು ಎಳೆಯುತ್ತದೆ’ ಎಂಬುದನ್ನು ತಿರುಗಿಸಿದರೆ ‘ಪುಸ್ತಕ ಭೂಮಿಯನ್ನು ಎಳೆಯುತ್ತದೆ’ ಎಂದಾಗುತ್ತದೆ, ಅದರಲ್ಲಿ ಮೇಜಿಗೆ ಜಾಗವೇ ಇಲ್ಲ.

ಸಮ ಬಲವೆಂದರೆ ಸಮ ಪರಿಣಾಮವೆಂದು ಭಾವಿಸುವುದೂ ಸಾಮಾನ್ಯ. 10,000 ಕಿ.ಗ್ರಾಂ. ಲಾರಿ ಮತ್ತು ಸವಾರನೂ ಸೇರಿ 200 ಕಿ.ಗ್ರಾಂ. ಇರುವ ಸ್ಕೂಟರು ಡಿಕ್ಕಿಯಾದಾಗ ಎರಡರ ಮೇಲೂ ಬೀಳುವ ಡಿಕ್ಕಿಯ ಬಲ ಒಂದೇ. ಆದರೆ ದ್ರವ್ಯರಾಶಿ ಐವತ್ತನೇ ಒಂದು ಭಾಗವಾದ್ದರಿಂದ ಸ್ಕೂಟರಿನ ವೇಗದಲ್ಲಾಗುವ ಬದಲಾವಣೆ ಲಾರಿಯದಕ್ಕಿಂತ 50 ಪಟ್ಟು ಹೆಚ್ಚು. ಅನಾಹುತದ ಅಂತರ ಅಲ್ಲಿಂದ ಬರುತ್ತದೆ.

ತಳ್ಳಲು ನೆಲ ಬೇಕು ಎಂಬ ವಿಷಯವನ್ನು ತಪ್ಪಾಗಿ ಹಿಗ್ಗಿಸಿಕೊಂಡರೂ ಎಡವುತ್ತೇವೆ. ರಾಕೆಟ್ಟು ಗಾಳಿಯನ್ನು ಒತ್ತಿಕೊಂಡು ಮೇಲೇರುತ್ತದೆ, ಆದ್ದರಿಂದ ಗಾಳಿಯಿಲ್ಲದ ಕಡೆ ಅದು ಕೆಲಸ ಮಾಡದು ಎಂದು ವಾದಿಸಿದವರು ಸಾಮಾನ್ಯರೇನೂ ಆಗಿರಲಿಲ್ಲ. ಅಮೆರಿಕದ ರಾಬರ್ಟ್ ಗೊಡಾರ್ಡ್ ಅವರ ರಾಕೆಟ್ ಚಿಂತನೆಯನ್ನು ‘ದಿ ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 1920ರ ಜನವರಿ 13ರ ಸಂಪಾದಕೀಯದಲ್ಲಿ ಇದೇ ಕಾರಣ ಕೊಟ್ಟು ಟೀಕಿಸಿತ್ತು. ಅಪೋಲೊ 11 ನೌಕೆ ಚಂದ್ರನತ್ತ ಹೊರಟ ಮರುದಿನ, ಅಂದರೆ 1969ರ ಜುಲೈ 17ರಂದು, ಅದೇ ಪತ್ರಿಕೆ ತಿದ್ದುಪಡಿ ಪ್ರಕಟಿಸಿ ವಿಷಾದ ಸೂಚಿಸಿತು. ರಾಕೆಟ್ಟು ತಳ್ಳುವುದು ತನ್ನೊಳಗಿನಿಂದ ಹೊರಹಾಕುವ ಬಿಸಿ ಅನಿಲವನ್ನು. ಅನಿಲವು ರಾಕೆಟ್ಟನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ತಳ್ಳಲು ಎರಡನೆಯ ವಸ್ತುವೊಂದು ಬೇಕು ಎಂಬುದು ನಿಜ. ಎತ್ತಿಗೆ ಅದು ಕಾಲಡಿಯಲ್ಲೇ ಸಿಗುತ್ತದೆ, ರಾಕೆಟ್ಟು ಅದನ್ನು ಇಂಧನದ ರೂಪದಲ್ಲಿ ಹೊತ್ತೊಯ್ಯುತ್ತದೆ.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಎತ್ತು ನೆಲವನ್ನು ಹಿಂದಕ್ಕೆ ತಳ್ಳಿದಾಗ ನೆಲ ಹಿಂದಕ್ಕೆ ಸರಿಯುತ್ತದೆಯೇ? ಸರಿಯುತ್ತದೆ. ನೆಲವೆಂದರೆ ಇಲ್ಲಿ ಇಡೀ ಭೂಮಿ, ಅದರ ದ್ರವ್ಯರಾಶಿ ಸುಮಾರು 6×10²⁴ ಕಿ.ಗ್ರಾಂ. ಮೊದಲ 5 ಸೆಕೆಂಡುಗಳಲ್ಲಿ ಗೊರಸುಗಳು ಭೂಮಿಯನ್ನು 580 ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳುತ್ತವೆ, ಗಾಲಿಗಳು ಅದನ್ನು 300 ನ್ಯೂಟನ್ ಬಲದಿಂದ ಮುಂದಕ್ಕೆ ಎಳೆಯುತ್ತವೆ. ಉಳಿದ 280 ನ್ಯೂಟನ್ ಬಲ 5 ಸೆಕೆಂಡು ವರ್ತಿಸಿದಾಗ ಭೂಮಿಗೆ ಹಿಂದಿನ ದಿಕ್ಕಿನಲ್ಲಿ ಸಿಗುವ ಸಂವೇಗ 1400 ಕಿ.ಗ್ರಾಂ.ಮೀ/ಸೆ. ಎತ್ತು ಮತ್ತು ಗಾಡಿಗೆ ಮುಂದಿನ ದಿಕ್ಕಿನಲ್ಲಿ ಸಿಕ್ಕಿದ್ದೂ ಸರಿಯಾಗಿ ಅಷ್ಟೇ. ಇದನ್ನು ಭೂಮಿಯ ದ್ರವ್ಯರಾಶಿಯಿಂದ ಭಾಗಿಸಿದರೆ ಬರುವ ವೇಗ ಸೆಕೆಂಡಿಗೆ ಸುಮಾರು 2.3×10⁻²² ಮೀಟರ್. ಆ ವೇಗದಲ್ಲಿ ಒಂದು ವರ್ಷ ಪೂರ್ತಿ ಸಾಗಿದರೂ ಭೂಮಿ ಸರಿಯುವ ದೂರ ಒಂದು ಪ್ರೋಟಾನಿನ ಅಗಲದ ನಾಲ್ಕೈದು ಪಟ್ಟು ಮಾತ್ರ. ಲೆಕ್ಕ ಸರಳವಾಗಿರಲೆಂದು ಭೂಮಿ ಇಡಿಯಾಗಿ ಸರಿಯುತ್ತದೆ ಎಂದುಕೊಂಡಿದ್ದೇನೆ. ವಾಸ್ತವದಲ್ಲಿ ಈ ತಳ್ಳುವಿಕೆಯ ಪರಿಣಾಮ ಅದರ ಆವರ್ತನೆಯ ಮೇಲೂ ಆಗುತ್ತದೆ, ಆದರೆ ಅದೂ ಇಷ್ಟೇ ಅತ್ಯಲ್ಪ. ಗಾಡಿ ಸಮ ವೇಗದಲ್ಲಿ ಸಾಗುವಾಗ ಗೊರಸುಗಳ 300 ನ್ಯೂಟನ್ ತಳ್ಳುವಿಕೆಯೂ ಗಾಲಿಗಳ 300 ನ್ಯೂಟನ್ ಎಳೆತವೂ ಭೂಮಿಯ ಮೇಲೆ ಸರಿದೂಗುತ್ತವೆ, ಹಾಗಾಗಿ ಭೂಮಿಯ ಸಂವೇಗ ಮತ್ತೆ ಬದಲಾಗುವುದಿಲ್ಲ. ಗಾಡಿ ನಿಲ್ಲುವಾಗ ಗೊರಸು ಮತ್ತು ಗಾಲಿಗಳು ಎರಡೂ ಸೇರಿ ಭೂಮಿಯನ್ನು ಮುಂದಕ್ಕೆ ಒತ್ತುತ್ತವೆ, ಹೊರಡುವಾಗ ಭೂಮಿ ಪಡೆದಿದ್ದ ಆ 1400 ಕಿ.ಗ್ರಾಂ.ಮೀ/ಸೆ ಸಂವೇಗ ಅಷ್ಟೂ ಆಗ ಅಳಿದುಹೋಗುತ್ತದೆ.